ಹೂವಿನ ಗಾಡಿಯ ಎಡಗಡೆ ಡೋರು

೨೦೨೪ರ ಆಷಾಢ. ದೀಪಾಂಜಲಿ ನಗರದಲ್ಲಿ, ಮೈಸೂರು ರಸ್ತೆಯಿಂದ ಒಳಕ್ಕೆ ಎರಡು ತಿರುವು ಹೋದರೆ ಸಿಗುವ ಒಂದು ಶೆಡ್ಡಿನಲ್ಲಿ ಆಗಿನ್ನೂ ನನ್ನ ಟಿಂಕರಿಂಗ್ ಅಂಗಡಿ ನಡೆಯುತ್ತಿತ್ತು. ಟಿಂಕರಿಂಗ್ ಎಂದರೆ ಗಾಡಿಯ ತಗಡಿನ ಕೆಲಸ. ಗುದ್ದಿಸಿಕೊಂಡು ಬಂದದ್ದನ್ನು ತಟ್ಟಿ ನೇರ ಮಾಡುವುದು, ಕೊಳೆತದ್ದನ್ನು ಕತ್ತರಿಸಿ ಹೊಸದು ಕೂರಿಸುವುದು. ಇಂಜಿನ್ನಿನ ತಂಟೆಗೆ ನಾನು ಹೋದವನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಇದೇ ಕೆಲಸ ಮಾಡಿ, ಹೋದ ವರ್ಷ ಶೆಡ್ಡು ಬಿಟ್ಟುಕೊಟ್ಟೆ. ಕಿವಿ ಮಂದವಾಗಿದೆ, ಮಂಡಿ ಮಾತು ಕೇಳುವುದಿಲ್ಲ. ಬಾಯಿ ಮಾತ್ರ ಹಾಗೇ ಇದೆ ಎಂದು ಪರಿಚಯದವರು ಹೇಳುತ್ತಾರೆ.

ಪಕ್ಕದ ಶೆಡ್ಡು ಪೇಂಟರ್ ಖಲೀಲನದು. ನಾನು ತಗಡು ಕೂರಿಸಿದ ಗಾಡಿ ಅವನ ಕಡೆಗೆ ಹೋಗಿ ಬಣ್ಣ ಬಳಿಸಿಕೊಂಡು ಹೊರಬೀಳುತ್ತಿತ್ತು. ನಮ್ಮ ಕಸುಬಿನಲ್ಲಿ ಒಂದು ಹಳೆಯ ಪದ್ಧತಿಯಿದೆ. ವೆಲ್ಡಿಂಗ್ ಮುಗಿದ ಕೂಡಲೇ ಟಿಂಕರ್ ಕೈ ತೊಳೆದುಕೊಳ್ಳುತ್ತಾನೆ. ಪೇಂಟರ್ ಬಂದು ಕಣ್ಣಿಗೆ ಕಾಣುವ ಮೈಗೆ ಬಣ್ಣ ಹೊಡೆಯುತ್ತಾನೆ. ತಗಡಿನ ಒಳಮೈ ಇಬ್ಬರಿಗೂ ಸೇರಿದ್ದಲ್ಲ. ವೆಲ್ಡಿಂಗ್ ಶಾಖಕ್ಕೆ ಒಳಗಿನ ಪ್ರೈಮರ್, ಅಂದರೆ ತುಕ್ಕು ತಡೆಯುವ ಅಡಿಬಣ್ಣ, ಸುಟ್ಟು ಕಬ್ಬಿಣ ಬೆತ್ತಲೆಯಾಗಿರುತ್ತದೆ, ಅದನ್ನು ಕೇಳುವವರಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದಡಿಯಲ್ಲಿ ಗುಳ್ಳೆ ಏಳುತ್ತದೆ. ಗಿರಾಕಿ ಪೇಂಟರನ್ನು ಬೈಯುತ್ತಾನೆ, ಪೇಂಟರ್ ಟಿಂಕರನ್ನು ಬೈಯುತ್ತಾನೆ, ಟಿಂಕರ್ ಮಳೆಯನ್ನು ಬೈಯುತ್ತಾನೆ. ನಾನು, ಖಲೀಲ ಈ ವಿಷಯಕ್ಕೆ ಜಗಳ ಆಡಿ ಆಡಿ, ಕೊನೆಗೆ ಒಳಮೈ ಕೆಲಸ ನನ್ನದು ಎಂದು ನಾನೇ ಒಪ್ಪಿಕೊಂಡಿದ್ದೆ. ಅವನು ಸುಮ್ಮನಾಗಲಿ ಅಂತ.

ಆ ಆಷಾಢದಲ್ಲಿ ಒಂದು ಬೆಳಿಗ್ಗೆ ಹಳೆಯ ಪಿಕಪ್ ಒಂದು ಬಂದು ಶೆಡ್ಡಿನ ಮುಂದೆ ನಿಂತಿತು. ಹದಿನಾರು ವರ್ಷದ ಗಾಡಿ. ಇಳಿದವರು ಅರವತ್ತರ ಆಸುಪಾಸಿನವರು, ತೆಳ್ಳಗಿನ ಆಳು. ರಂಗಸ್ವಾಮಿ, ಹೊಸಹಳ್ಳಿಯವರು. ಬೆಳಗಿನ ಹೊತ್ತು ಮಾರ್ಕೆಟ್ಟಿನಿಂದ ಹೂವಿನ ಮೂಟೆ ಹೇರಿಕೊಂಡು ಬಂದು ವಿಜಯನಗರದ ಹೂವಿನಂಗಡಿಗಳಿಗೆ ಹಾಕುವುದು ಅವರ ಕೆಲಸ.

"ಎಫ್‌ಸಿ ಆಗ್ಲಿಲ್ಲ ಮೇಸ್ತ್ರಿ. ತಗಡೆಲ್ಲ ಹರಿದೋಗಿದೆ, ಸರಿ ಮಾಡಿಸ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು" ಅಂದರು.

ಎಫ್‌ಸಿ ಎಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವಾಗಿದೆ ಎಂಬ ಸರ್ಟಿಫಿಕೇಟು. ಬಾಡಿಗೆ ಗಾಡಿಗೆ ಅದಿಲ್ಲದಿದ್ದರೆ ಮನೆ ಮುಂದೆ ನಿಲ್ಲಿಸಿಕೊಂಡು ಪೂಜೆ ಮಾಡಬೇಕು, ಅಷ್ಟೆ. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂದಿನ ಬಾಡಿಯ ಪಕ್ಕದ ತಗಡಿಗೆ ಚುಚ್ಚಿದೆ. ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಹೂವು ಬಾಡಬಾರದೆಂದು ದಿನವೂ ಗೋಣಿಚೀಲ ನೆನೆಸಿ ಒತ್ತಿ ಇಡುತ್ತಿದ್ದರಂತೆ. ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಬೇಕೆ? ಎರಡೂ ಪಕ್ಕದ ತಗಡು ಹೋಗಿತ್ತು. ಎಡಗಡೆ ಡೋರಿನ ಬುಡ ಅದಕ್ಕಿಂತ ಕಡೆಯಾಗಿತ್ತು. ಯಾರೋ ಪುಣ್ಯಾತ್ಮರು ಅಲ್ಲಿ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಪುಟ್ಟಿ ನೀರು ಕುಡಿದು ಉಬ್ಬಿಕೊಂಡಿತ್ತು.

"ಬಾಡಿ ತಗಡು ಎಷ್ಟು ಬೇಕಾದ್ರೂ ಕುಯ್ದಾಕಿ ಮೇಸ್ತ್ರಿ. ಶ್ರಾವಣದೊಳಗೆ ಗಾಡಿ ಬೇಕು. ವರಮಹಾಲಕ್ಷ್ಮಿಗೆ ನಾನು ಹೂವು ಹಾಕ್ಲಿಲ್ಲ ಅಂದ್ರೆ ಅಂಗಡಿಯವ್ರು ಬೇರೆಯವ್ರನ್ನ ಹಿಡ್ಕೊಂಬಿಡ್ತಾರೆ. ಆದ್ರೆ ಎಡಗಡೆ ಡೋರ್ ಮಾತ್ರ ಬದಲಾಯಿಸ್ಬೇಡಿ."

"ಯಾಕ್ರೀ? ಗುಜರಿಯಲ್ಲಿ ಒಳ್ಳೇ ಡೋರ್ ಸಿಗತ್ತೆ. ಮಧ್ಯಾಹ್ನದೊಳಗೆ ಕೂರಿಸಿ ಕೊಡ್ತೀನಿ."

"ಬೇಡ. ಇದೇ ಇರ್ಲಿ."

ನನಗೆ ರೇಗಿತು. ರೇಗುವುದಕ್ಕೆ ನನಗೆ ಹೆಚ್ಚು ಕಾರಣ ಬೇಕಾಗುವುದಿಲ್ಲ. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ರೀ ಇದು! ಇಡೀ ಡೋರ್ ಕೊಳೆತು ನಾರ್ತಾ ಇದೆ, ಇದನ್ನಿಟ್ಕೊಂಡು ಮ್ಯೂಸಿಯಂ ಮಾಡ್ತೀರಾ?" ಅಂದೆ.

ಅವರು ಸಿಟ್ಟಾಗಲಿಲ್ಲ. ಡೋರ್ ತೆರೆದು, ಒಳಗಡೆ ಕೈ ಊರುವ ಪ್ಲಾಸ್ಟಿಕ್ ಹಿಡಿಯನ್ನು ತೋರಿಸಿದರು. ಅದರ ಒಂದು ಪಕ್ಕ ಸವೆದು ನುಣ್ಣಗಾಗಿತ್ತು. "ನಮ್ಮನೆಯವಳು ಹದಿಮೂರು ವರ್ಷ ಇಲ್ಲಿ ಕೂತ್ಕೊಂಡು ಹೂವು ಕಟ್ಕೊಂಡು ಬರ್ತಿದ್ಲು. ಮೊಣಕೈ ಇಲ್ಲೇ ಇರ್ತಿತ್ತು. ಜಯಮ್ಮ ಅಂತ. ಹೋಗಿ ಮೂರು ವರ್ಷ ಆಯ್ತು ಮೇಸ್ತ್ರಿ."

ಮಕ್ಕಳಿರಲಿಲ್ಲ. ಮಾರ್ಕೆಟ್ಟಿಗೆ ಹೋಗುವಾಗಲೂ ಬರುವಾಗಲೂ ಆ ಕ್ಯಾಬಿನ್ನಿನಲ್ಲಿ ಇದ್ದದ್ದು ಅವರಿಬ್ಬರೇ. ನಾನು ಬೀಗದ ಕೈ ಇಸಿದುಕೊಂಡೆ.

ಮೊದಲು ಬಾಡಿಯ ಪಕ್ಕದ ತಗಡುಗಳನ್ನು ಕೈಗೆತ್ತಿಕೊಂಡೆ. ಕೊಳೆತ ಜಾಗವನ್ನಷ್ಟೇ ಕತ್ತರಿಸಿದರೆ ಸಾಲದು. ಗ್ರೈಂಡರ್ ಹಿಡಿದು ಗಟ್ಟಿ ಕಬ್ಬಿಣ ಸಿಗುವವರೆಗೂ ಹೋಗಬೇಕು, ಒಂದಿಷ್ಟು ತುಕ್ಕು ಬಿಟ್ಟರೂ ಅದು ಹೊಸ ತಗಡಿಗೆ ಹತ್ತಿಕೊಳ್ಳುತ್ತದೆ. ಉಳಿದ ಫ್ರೇಮನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ತೆಗೆಯುವ ಆಸಿಡ್ ಹಚ್ಚಿ, ತೊಳೆದು, ಪೂರ್ತಿ ಒಣಗಿಸಬೇಕು. ಬೆತ್ತಲೆ ತಗಡನ್ನು ಬರಿಗೈಯಲ್ಲಿ ಮುಟ್ಟಬಾರದು. ಅಂಗೈ ಬೆವರಿನ ಉಪ್ಪು ಸಾಕು, ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ. ಮಳೆಗಾಲದಲ್ಲಂತೂ ಇವತ್ತು ಉಜ್ಜಿ ನಾಳೆ ಪ್ರೈಮರ್ ಹೊಡೆಯುತ್ತೇನೆಂದರೆ ಮುಗಿಯಿತು, ಬೆಳಗಾಗುವಷ್ಟರಲ್ಲಿ ಎಲ್ಲ ಕಿತ್ತಳೆ ಬಣ್ಣ. ಹೊಸ ತಗಡಿಗೆ ಎರಡೂ ಮೈ ಎಪಾಕ್ಸಿ ಪ್ರೈಮರ್. ವೆಲ್ಡಿಂಗ್ ಬೀಳುವ ಅಂಚುಗಳಿಗೆ ಮಾತ್ರ ಶಾಖ ತಡೆದುಕೊಳ್ಳುವ ಜಿಂಕ್ ಪ್ರೈಮರ್. ವೆಲ್ಡಿಂಗನ್ನೂ ಒಂದೇ ಸಮ ಎಳೆಯಬಾರದು, ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಇಡುತ್ತ ಆರಲು ಬಿಡಬೇಕು. ಸಂದುಗಳಿಗೆ ನೀರು ತಡೆಯುವ ಸೀಲಂಟ್. ಪುಟ್ಟಿ ಬೇಕಾದರೆ ಪ್ರೈಮರಿನ ಮೇಲೆ, ಬರಿಯ ಕಬ್ಬಿಣದ ಮೇಲೆ ಯಾವತ್ತೂ ಅಲ್ಲ. ಬಣ್ಣವೆಲ್ಲ ಆರಿದ ಮೇಲೆ ಕಟ್ಟಕಡೆಗೆ, ಉದ್ದ ಮೂತಿಯ ಗನ್ನಿನಿಂದ ಒಳಗಿನ ಟೊಳ್ಳಿಗೆ ಮೇಣ ಸಿಂಪಡಿಸಬೇಕು. ಮೇಣ ಸಂದುಗೊಂದಿಗೆ ಹರಿದು ಪೊರೆ ಕಟ್ಟುತ್ತದೆ, ನೀರು ಕಬ್ಬಿಣವನ್ನು ಮುಟ್ಟುವುದಿಲ್ಲ. ಇಷ್ಟು ಮಾಡಿದರೆ ಹಳೆಯ ಗಾಡಿಯೂ ಬಾಳುತ್ತದೆ. ಯಾರೂ ಮಾಡುವುದಿಲ್ಲ, ಯಾಕೆಂದರೆ ಕೊನೆಯ ಈ ಕೆಲಸ ಯಾರಿಗೂ ಕಾಣುವುದಿಲ್ಲ.

ರಂಗಸ್ವಾಮಿ ದಿನಾ ಬರುತ್ತಿದ್ದರು. ಬರುವ ಅಗತ್ಯವೇನೂ ಇರಲಿಲ್ಲ. ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿ, ದೀಪಾಂಜಲಿ ನಗರದಲ್ಲಿ ಇಳಿದು, ನಡೆದುಕೊಂಡು ಬಂದು, ಖಾಲಿ ಪೇಂಟ್ ಡ್ರಮ್ಮಿನ ಮೇಲೆ ಕೂತುಬಿಡುವರು. ಗಿರಾಕಿ ಬೆನ್ನ ಹಿಂದೆ ಕೂತರೆ ನನಗೆ ಕೈ ಓಡುವುದಿಲ್ಲ.

"ಮನೇಲಿ ಕೆಲ್ಸ ಇಲ್ವೇನ್ರೀ ನಿಮ್ಗೆ?" ಅಂದೆ ಒಂದು ದಿನ.

"ಮನೇಲಿ ಏನಿದೆ ಮೇಸ್ತ್ರಿ? ಗಾಡಿ ಇಲ್ಲಿದೆ" ಅಂದರು.

ಹಾಗೆ ಹೇಳುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ, ಹೊತ್ತೆಷ್ಟು ಎಂದು ಕೇಳಿದರೆ ಹೇಳುವಂತೆ ಹೇಳಿದರು. ನಾನು ಮದುವೆಯಾದವನಲ್ಲ. ಶೆಡ್ಡಿನ ಹಿಂದಿನ ರೂಮಿನಲ್ಲಿ ಒಬ್ಬನೇ ಇದ್ದವನು. ಸಂಜೆ ಷಟರ್ ಎಳೆದ ಮೇಲೆ ಬೆಳಗಿನವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಬಹುಶಃ ಅದಕ್ಕೇ ಹಗಲೆಲ್ಲ ಅಷ್ಟು ಕೂಗಾಡುತ್ತಿದ್ದೆನೋ ಏನೋ. ಆಮೇಲೆ ಅವರು ಕೂರುವುದಕ್ಕೆ ನಾನು ತಕರಾರು ಮಾಡಲಿಲ್ಲ. ಎರಡು ಟೀ ತರಿಸುತ್ತಿದ್ದವನು ಮೂರು ತರಿಸತೊಡಗಿದೆ.

ಬಾಡಿ ಮುಗಿದು ಡೋರಿನ ಸರದಿ ಬಂತು. ಡೋರ್ ಎಂದರೆ ಎರಡು ತಗಡು. ಒಳಗಡೆಯದು ಫ್ರೇಮು, ಹೊರಗಡೆಯದು ಸ್ಕಿನ್ನು. ಸ್ಕಿನ್ನಿನ ಅಂಚನ್ನು ಫ್ರೇಮಿನ ಸುತ್ತ ಹೋಳಿಗೆ ಮಡಚಿದ ಹಾಗೆ ಮಡಚಿರುತ್ತಾರೆ. ಆ ಮಡಿಕೆಯನ್ನು ಗ್ರೈಂಡರಿನಿಂದ ಸವೆಸಿದರೆ ಹೊರಗಿನ ತಗಡು ಕಳಚಿಕೊಳ್ಳುತ್ತದೆ. ಜಯಮ್ಮನವರ ಮೊಣಕೈ ಊರುತ್ತಿದ್ದ ಒಳಭಾಗ ಹಾಗೇ ಉಳಿಸಿ, ಹೊರಗಿನ ಸ್ಕಿನ್ನು ಮಾತ್ರ ಹೊಸದು ಹಾಕಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಅವರಿಗೂ ಹೇಳಿದ್ದೆ. ಅವರು ಕೈ ಮುಗಿದಿದ್ದರು.

ಒಂದು ಅನುಮಾನ ಮಾತ್ರ ಉಳಿದಿತ್ತು. ಬಲಗಡೆ ಡೋರು ಅದೇ ವಯಸ್ಸಿನದು, ಅದೇ ಮಳೆ ಕಂಡದ್ದು, ಆದರೂ ಚೆನ್ನಾಗಿತ್ತು. ಎಡಗಡೆಯದು ಮಾತ್ರ ಯಾಕೆ ಹೀಗೆ? ಗ್ಲಾಸೂ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಪ್ರತಿ ಡೋರಿನ ಬುಡದಲ್ಲೂ ಸಣ್ಣ ತೂತುಗಳಿರುತ್ತವೆ. ಗ್ಲಾಸಿನ ಸಂದಿಯಿಂದ ಒಳಗಿಳಿದ ಮಳೆನೀರು ಹೊರಗೆ ಹೋಗಲೆಂದು ಕಂಪನಿಯವರೇ ಬಿಟ್ಟಿರುವುದು. ಕಡ್ಡಿ ಹಾಕಿ ನೋಡಿದೆ. ಎಲ್ಲ ತೂತುಗಳೂ ಮುಚ್ಚಿಹೋಗಿದ್ದವು.

ಮಡಿಕೆ ಸವೆಸಿ, ಉಳಿ ಕೊಟ್ಟು ಸ್ಕಿನ್ನನ್ನು ಎಬ್ಬಿಸಿದೆ. ಖಲೀಲ ಟೀ ಲೋಟ ಹಿಡಿದು ನೋಡುತ್ತಿದ್ದ. ರಂಗಸ್ವಾಮಿ ಡ್ರಮ್ಮಿನ ಮೇಲಿದ್ದರು. ತಗಡು ಕಳಚಿ ಬಂದಾಗ ಬುಡದಲ್ಲಿ ಏನೋ ಕಪ್ಪಗೆ, ಒದ್ದೆಯಾಗಿ, ಗೊಬ್ಬರದ ಹಾಗೆ ಮೆತ್ತಿಕೊಂಡಿತ್ತು. ಕೈ ಹಾಕಿ ಎಳೆದೆ. ಬಾಳೆನಾರು. ಅದಕ್ಕೆ ಸಿಕ್ಕಿಕೊಂಡು ಕೊಳೆತ ಮಲ್ಲಿಗೆ, ಕನಕಾಂಬರ. ಹಿಡಿಗಟ್ಟಲೆ ಬಂತು.

"ಅರೆ! ಇದೇನು ಗುರು, ಡೋರೊಳಗೆ ಹೂವಿನ ತೋಟ?" ಅಂದ ಖಲೀಲ.

ನನಗೆ ಕಳ್ಳ ಸಿಕ್ಕಿಬಿದ್ದಷ್ಟು ಖುಷಿ. "ಇದೇ ನೋಡ್ರೀ ಕೊಂದಿದ್ದು! ಈ ಕಸ ತೂತು ಮುಚ್ಚಿದೆ, ನೀರು ನಿಂತು ನಿಂತು ತಗಡು ತಿಂದಿದೆ. ಯಾರ್ರೀ ಇಲ್ಲಿ ತುರುಕಿದ್ದು?" ಎಂದು ಕೂಗಿಕೊಂಡೆ.

ರಂಗಸ್ವಾಮಿ ಎದ್ದು ಹತ್ತಿರ ಬಂದಿದ್ದರು. "ಕಸ ಅನ್ಬೇಡಿ ಮೇಸ್ತ್ರಿ" ಅಂದರು ಮೆಲ್ಲಗೆ. "ಜಯಮ್ಮ ಹಾಕಿದ್ದು ಅದು. ಕಟ್ಟೋವಾಗ ಉದುರಿದ ಹೂವು ಕಾಲ ಕೆಳಗೆ ಬೀಳಬಾರದು ಅಂತ ಅವಳಿಗೆ. ದೇವರಿಗೆ ಹೋಗೋ ಹೂವು, ತುಳಿದ್ರೆ ಪಾಪ. ರಸ್ತೆಗೆ ಎಸೆದ್ರೆ ಬೇರೆಯವ್ರು ತುಳೀತಾರೆ. ಅದಕ್ಕೆ ಗ್ಲಾಸಿನ ಸಂದಿಯೊಳಗೆ ಬಿಡ್ತಿದ್ಲು. ಏನೇ ಅದು ಅಂತ ನಾನು ಕೇಳಿದ್ರೆ, ಗಾಡಿಗೆ ಹೂ ಮುಡಿಸ್ತಾ ಇದೀನಿ ಕಣ್ರೀ, ಅಂತಿದ್ಲು."

ಖಲೀಲ ಟೀ ಲೋಟ ಕೆಳಗಿಟ್ಟ. ಅವನ ಶೆಡ್ಡಿನಿಂದ ಹೊಸ ನ್ಯೂಸ್‌ಪೇಪರ್ ತಂದು ನೆಲದ ಮೇಲೆ ಹಾಸಿ, ನಾನು ಕೆಳಗೆ ಬಿಸಾಡಿದ್ದನ್ನೆಲ್ಲ ಎತ್ತಿ ಅದರ ಮೇಲಿಟ್ಟ.

ಉಳಿದದ್ದನ್ನು ಜಾಗ್ರತೆಯಾಗಿ ತೆಗೆಯತೊಡಗಿದೆ. ಆಗ ಇನ್ನೊಂದು ಕಣ್ಣಿಗೆ ಬಿತ್ತು. ಬುಡದ್ದು ಕಪ್ಪಗೆ ಮಣ್ಣಾಗಿತ್ತು, ಸರಿ. ಮೇಲಿನ ಪದರದ್ದು ಹಾಗಿರಲಿಲ್ಲ. ಮಲ್ಲಿಗೆ ಕಂದಿತ್ತು, ಕನಕಾಂಬರದ ಬಣ್ಣ ಇನ್ನೂ ಇತ್ತು. ಅವು ಉದುರಿದ ಬಿಡಿ ಹೂವುಗಳಲ್ಲ, ಕಟ್ಟಿದ ಹೂವು. ಒಂದೊಂದೂ ಮೊಳದುದ್ದ, ನಾರು ಹಾಗೇ ಇತ್ತು. ಮೂರು ವರ್ಷದ ಹಿಂದಿನದಲ್ಲ ಎಂದು ಹೇಳಲು ತಜ್ಞರೇನೂ ಬೇಕಿರಲಿಲ್ಲ.

"ಇದು ಯಾರು ಹಾಕಿದ್ದು ರಂಗಸ್ವಾಮಿ?" ಅಂದೆ.

ಅವರು ಒಂದು ಮೊಳವನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡರು. ಆಮೇಲೆ ಒಮ್ಮೆಗೇ ಹೇಳಿದರು. "ನಾನೇ. ದಿನಾ ಕಟ್ಟಿದ ಮೊದಲ ಮೊಳ ಅವಳೇ ಮುಡೀತಿದ್ಲು. ಈಗ್ಲೂ ಮಾರ್ಕೆಟ್ಟಲ್ಲಿ ಒಂದು ಮೊಳ ಕಟ್ಟಿಸ್ಕೊತೀನಿ, ಅಭ್ಯಾಸ. ಅವಳ ಸೀಟ್ ಮೇಲಿಡ್ತೀನಿ. ಮಾರನೇ ದಿನಕ್ಕೆ ಬಾಡಿರತ್ತೆ. ಬಿಸಾಕೋಕೆ ಮನಸ್ಸು ಬರಲ್ಲ ಮೇಸ್ತ್ರಿ. ಅವಳು ಹಾಕ್ತಿದ್ದ ಕಡೆಗೇ ಹಾಕ್ತೀನಿ."

ಯಾವ ಡೋರು ಉಳಿಯಬೇಕು ಎಂದು ಈ ಮನುಷ್ಯ ನನ್ನ ಮುಂದೆ ಕೈ ಮುಗಿದಿದ್ದನೋ, ಅದನ್ನು ದಿನಕ್ಕೊಂದು ಮೊಳದಂತೆ ಅವನೇ ಕೊಳೆಸುತ್ತಿದ್ದ. ಗೊತ್ತಿರಲಿಲ್ಲ, ಪಾಪ. ಈಗ ಅದನ್ನು ನಾನು ಹೇಳಬೇಕಿತ್ತು. ಬೇರೆ ಯಾರ ಕೈಲಾದರೂ ಹೇಳಿಸೋಣ ಎಂದು ಖಲೀಲನ ಕಡೆ ನೋಡಿದೆ. ಅವನು ಪೇಪರಿನ ಮೂಲೆ ಸರಿಮಾಡುತ್ತ ತಲೆ ಎತ್ತಲಿಲ್ಲ.

"ನೋಡಿ" ಅಂದೆ. "ಸ್ಕಿನ್ ಹಾಕ್ತೀನಿ, ಒಳಗೆಲ್ಲ ಪ್ರೈಮರ್ ಹೊಡೀತೀನಿ, ಮೇಣ ಹೊಡೀತೀನಿ. ಗ್ಲಾಸಿನ ಎರಡೂ ಕಡೆ ಹೊಸ ರಬ್ಬರ್ ಬೀಡಿಂಗ್ ಹಾಕಿ ಬಿಗಿ ಮಾಡ್ತೀನಿ. ಆಮೇಲೆ ಆ ಸಂದಿಯೊಳಗೆ ಏನೂ ಬೀಳಬಾರದು. ಹೂವು ಬಿದ್ರೆ ಮತ್ತೆ ಇದೇ ಕತೆ."

"ಹಾಕ್ದೇ ಇದ್ರೆ ಎಷ್ಟು ವರ್ಷ ಬರತ್ತೆ?"

"ನನಗಿಂತ ಜಾಸ್ತಿ ಬರತ್ತೆ."

"ಹಾಕಿದ್ರೆ?"

"ಎರಡು ಮಳೆಗಾಲ, ಮೂರು ಮಳೆಗಾಲ. ಆಮೇಲೆ ಒಳಗಿನ ಫ್ರೇಮೂ ಹೋಗತ್ತೆ. ಆಗ ನಾನಲ್ಲ, ಯಾರು ಬಂದ್ರೂ ಈ ಡೋರ್ ಉಳ್ಸೋಕಾಗಲ್ಲ."

ರಂಗಸ್ವಾಮಿ ಪೇಪರಿನ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿಕೊಂಡು ಹೊರಗೆ ಹೋದರು. ಬೀದಿಯ ಕೊನೆಯಲ್ಲೊಂದು ಹೊಂಗೆ ಮರವಿದೆ. ಬಗ್ಗಿ ಅದರ ಬುಡದಲ್ಲಿ ಹೂವೆಲ್ಲ ಇಟ್ಟು ಮಣ್ಣು ಎಳೆದರು. ಆಮೇಲೂ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದರು. ಡೆಲಿವರಿ ಹುಡುಗರ ಬೈಕುಗಳು ಹಾರ್ನ್ ಹೊಡೆದುಕೊಂಡು ಅವರ ಪಕ್ಕದಲ್ಲೇ ಹೋಗುತ್ತಿದ್ದವು. ನಾನು ಕೆಲಸ ಮಾಡುವವನಂತೆ ಸುತ್ತಿಗೆ ಹಿಡಿದು ನಿಂತಿದ್ದೆ, ಒಂದು ಏಟೂ ಹಾಕಲಿಲ್ಲ.

ವಾಪಸ್ ಬಂದಾಗ ಅವರ ಕಣ್ಣು ಕೆಂಪಾಗಿತ್ತು. "ಸಂದಿ ಮುಚ್ಬಿಡಿ ಮೇಸ್ತ್ರಿ" ಅಂದರು.

"ಯೋಚ್ನೆ ಮಾಡಿ ಹೇಳಿ. ಆತುರ ಇಲ್ಲ."

"ಮಾಡ್ದೆ. ಹೂವು ನಾಳೆನೂ ಸಿಗತ್ತೆ. ಡೋರ್ ಸಿಗಲ್ಲ."

ಆ ಡೋರಿಗೆ ಮಾಡಿದಷ್ಟು ಕೆಲಸವನ್ನು ನಾನು ದೊಡ್ಡ ಕಾರುಗಳಿಗೂ ಮಾಡಿಲ್ಲ. ಫ್ರೇಮಿನ ಒಳಗೆ ಬ್ರಷ್ಷು ಹೋಗದ ಮೂಲೆಗಳಿಗೆ ಬಟ್ಟೆ ಸುತ್ತಿದ ಕಡ್ಡಿಯಿಂದ ಆಸಿಡ್ ಹಚ್ಚಿದೆ. ತೂತುಗಳನ್ನೆಲ್ಲ ಬಿಡಿಸಿದೆ. ಹೊಸ ಸ್ಕಿನ್ನಿನ ಅಂಚಿಗೆ ಅಂಟು ಎಳೆದು, ಕೆಳಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಒತ್ತಿಹಿಡಿದು, ಸಣ್ಣ ಸಣ್ಣ ಏಟಿನಲ್ಲಿ ಮಡಿಕೆ ತಿರುಗಿಸಿದೆ. ಅದಕ್ಕೆ ಮುಂಚೆ ಖಲೀಲ ಒಳಮೈಗೆ ತಾನೇ ಪ್ರೈಮರ್ ಹೊಡೆಯುತ್ತೇನೆಂದು ಗನ್ನು ಕಿತ್ತುಕೊಂಡ. "ಒಳಮೈ ಕೆಲ್ಸ ನಿಂದಲ್ವಲ್ಲ?" ಎಂದು ಕೆಣಕಿದೆ. "ಇವತ್ತು ನಂದೇ, ನೀನು ಸುಮ್ನಿರು" ಅಂದ. ಬಣ್ಣ ಆರಿದ ಮೇಲೆ ಮೇಣ ಹೊಡೆದು, ಬೀಡಿಂಗ್ ಕೂರಿಸಿ, ಗ್ಲಾಸ್ ಇಳಿಸಿ ಏರಿಸಿ ನೋಡಿದೆ. ಪೂರ್ತಿ ಇಳಿಯಿತು. ಒಳಗಿನ ಆ ಸವೆದ ಹಿಡಿಗೆ ಪಾಲಿಶ್ ಹಾಕಲು ಹೋದವನು ಕೈ ಹಿಂದೆ ತೆಗೆದುಕೊಂಡೆ.

ಎಫ್‌ಸಿ ಆಯಿತು. ಶ್ರಾವಣಕ್ಕೆ ಮುಂಚೆಯೇ ಗಾಡಿ ಹೋಯಿತು. ಗಾಡಿ ತೆಗೆದುಕೊಳ್ಳಲು ಬಂದ ದಿನ ರಂಗಸ್ವಾಮಿ ಮೊದಲು ಎಡಗಡೆಯಿಂದ ಹತ್ತಿ, ಗ್ಲಾಸಿನ ಪಕ್ಕದ ರಬ್ಬರಿನ ಮೇಲೆ ಬೆರಳಾಡಿಸಿದರು. ಸಂದಿ ಸಿಗಲಿಲ್ಲ. "ಚೆನ್ನಾಗಿ ಮುಚ್ಚಿದೀರಿ" ಎಂದು ಇಳಿದು, ಸುತ್ತಿಕೊಂಡು ಹೋಗಿ ಸ್ಟೇರಿಂಗ್ ಹಿಡಿದರು. ಗಾಡಿ ತಿರುವು ದಾಟಿದ ಮೇಲೆ ಡ್ರಮ್ಮು ಖಾಲಿ ಬಿದ್ದಿರುವುದು ಕಾಣಿಸಿತು. ಮಾರನೇ ದಿನ ಅಭ್ಯಾಸಬಲದಿಂದ ಟೀ ಮೂರೇ ಹೇಳಿದೆ. ಹೆಚ್ಚಿಗೆ ಬಂದದ್ದನ್ನು ಖಲೀಲ ಕುಡಿದ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ತುಕ್ಕಿಗೆ ಎಪಾಕ್ಸಿ, ಜಿಂಕ್, ಮೇಣ ಎಲ್ಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಗಡಿಗೆ ಗ್ರೈಂಡರ್ ಇಡುವುದಕ್ಕೆ ಮುಂಚೆ ಆ ಗಾಡಿಯಲ್ಲಿ ಯಾರು ಕೂರುತ್ತಾರೆ, ಕೂತು ಏನು ಮಾಡುತ್ತಾರೆ ಎಂದು ಕೇಳಬೇಕು. ಆಮೇಲೆ ನಾನು ಯಾವ ಗಿರಾಕಿಯನ್ನೂ ಅದನ್ನು ಕೇಳದೆ ಕೆಲಸಕ್ಕೆ ಕೈ ಹಾಕಲಿಲ್ಲ. ಎಷ್ಟೋ ಜನ, "ನಾನೊಬ್ನೇ ಮೇಸ್ತ್ರಿ, ಇನ್ಯಾರು ಕೂರ್ತಾರೆ?" ಅನ್ನುತ್ತಿದ್ದರು. ಇಷ್ಟು ಜನ ಒಬ್ಬೊಬ್ಬರೇ ಓಡಾಡುತ್ತಾರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಷಟರ್ ಎತ್ತುತ್ತಿದ್ದೆ. ಆ ಪಿಕಪ್ ಬಂದು ನಿಂತಿತು. ರಂಗಸ್ವಾಮಿ ಇಳಿಯಲಿಲ್ಲ. ತಮ್ಮ ಸೀಟಿನಿಂದಲೇ ಬಗ್ಗಿ ಎಡಗಡೆ ಗ್ಲಾಸ್ ಇಳಿಸಿ, ಬಾಳೆಲೆಯಲ್ಲಿ ಸುತ್ತಿದ್ದೊಂದನ್ನು ಹೊರಗೆ ಚಾಚಿದರು. ಒದ್ದೆ ಮಲ್ಲಿಗೆಯ ವಾಸನೆ ಬಂತು.

"ತಗೊಳ್ಳಿ ಮೇಸ್ತ್ರಿ."

"ಏನ್ರೀ ಇದು?"

"ಒಂದು ಮೊಳ."

"ನಮ್ಮನೇಲಿ ಮುಡಿಯೋರು ಯಾರೂ ಇಲ್ವಲ್ರೀ."

"ಗೊತ್ತು. ನಮ್ಮನೇಲೂ ಇಲ್ಲ. ತಗೊಳ್ಳಿ, ಹಿಡ್ಕೊಂಡು ಕೈ ನೋಯ್ತಾ ಇದೆ."

ನಾನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡೆ.